ಸೊಪ್ಪಿದ್ದಷ್ಟು ಹುಳ, ಕೈಯಿದ್ದಷ್ಟು ರೈಲು!

ರೈಲು ಇಲ್ಲದ ಸಿನಿಮಾ ಉಂಟೇ ಓದುಗರೇ? ಹೀರೋ ಊರಿಗೆ ಇಳಿಯೋದು ರೈಲಿನಿಂದ. ಹೀರೋಯಿನ್ ಕಣ್ಣೊರೆಸಿಕೊಂಡು ಊರು ಬಿಡೋದು ರೈಲಿನಲ್ಲಿ. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರು ತಪ್ಪಿಸಿಕೊಳ್ಳೋದು ಪ್ಲಾಟ್‌ಫಾರಂ ಮೇಲೆ. ವಿಲನ್ ಕಡೆಯವರಿಗೆ ಒದೆ ಬೀಳೋದು ಗೂಡ್ಸ್ ಗಾಡಿಯ ತಾರಸಿಯ ಮೇಲೆ. ಇಷ್ಟೆಲ್ಲಾ ಉಪಕಾರ ಮಾಡಿದ ರೈಲು ಮುದಿಯಾದ ಮೇಲೆ ಎಲ್ಲಿಗೆ ಹೋಗುತ್ತೆ, ಯಾರು ನೋಡಿಕೊಳ್ತಾರೆ ಅಂತ ಎಂದಾದರೂ ಯೋಚಿಸಿದ್ದೀರಾ?

ಯೋಚಿಸುವುದಕ್ಕೆ ಒಂದು ಒಳ್ಳೇ ದಾರಿ ಇದೆ. ಬೆಂಗಳೂರಿಗೆ ಬಹಳ ಹತ್ತಿರ. ಯಲಹಂಕದಲ್ಲಿ ಹತ್ತಿದರೆ ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ... ಹಾಗೇ ಮುಂದೆ ಶ್ರೀನಿವಾಸಪುರ, ಕೋಲಾರ, ಬಂಗಾರಪೇಟೆ. ಸುಮಾರು ನೂರೈವತ್ತು ಕಿಲೋಮೀಟರು. ಇವತ್ತು ಇಲ್ಲಿ ಓಡೋದು ದೊಡ್ಡ ಬ್ರಾಡ್‌ಗೇಜ್ ಗಾಡಿ. ಆದರೆ ಈ ಊರುಗಳ ಹಿರಿಯರನ್ನು ಮಾತಿಗೆಳೆದರೆ ಅವರ ಬಾಯಲ್ಲಿ ಬರೋದು ಬೇರೆಯೇ ರೈಲು. ಪುಟ್ಟ ರೈಲು!

ಎರಡೂವರೆ ಅಡಿಯ ಹೀರೋ

ಹಳಿಗೂ ಹಳಿಗೂ ನಡುವೆ ಬರೀ ಎರಡು ಅಡಿ ಆರು ಅಂಗುಲ. ಇದೇ ನ್ಯಾರೋಗೇಜು. ಈಗಿನ ಬ್ರಾಡ್‌ಗೇಜ್ ಐದೂವರೆ ಅಡಿ; ಅದರ ಅರ್ಧಕ್ಕಿಂತ ಕಡಿಮೆ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಮೊದಲ ತುಂಡು ಹಾಕಿದರು. 1915ರಿಂದ 1918ರೊಳಗೆ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಬಂತು, ಚಿಂತಾಮಣಿ ಮಾರ್ಗವಾಗಿ ಕೋಲಾರದ ದಾರಿಯೂ ಕೂಡಿಕೊಂಡಿತು. ಆಗ ಮೈಸೂರಿನ ದಿವಾನರು ಯಾರು ಗೊತ್ತಾ? ಇದೇ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು! 1912ರಿಂದ 1918ರವರೆಗೆ ಅವರ ಕಾಲ. ಊರ ಮಗ ಗದ್ದುಗೆಯಲ್ಲಿದ್ದಾಗ ಊರಿಗೆ ರೈಲು ಬಂತು.

ಈ ಗಾಡಿಯ ವೇಗದ ಮೇಲೆ ಊರೂರಲ್ಲೂ ಹಾಸ್ಯ. ಮುಂದಿನ ಡಬ್ಬಿಯಿಂದ ಇಳಿದು, ಹುಣಸೆಕಾಯಿ ಕಿತ್ತುಕೊಂಡು, ಹಿಂದಿನ ಡಬ್ಬಿ ಹತ್ತಬಹುದಾಗಿತ್ತಂತೆ! ಎಷ್ಟು ನಿಜವೋ, ಎಷ್ಟು ಒಗ್ಗರಣೆಯೋ. ಒಗ್ಗರಣೆಯಾದರೂ ಪ್ರೀತಿಯ ಒಗ್ಗರಣೆ. 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಗೆ ಸೇರಿತು, ಪುಟ್ಟ ರೈಲೂ ಜೊತೆಗೆ ಹೋಯಿತು. 1990ರ ದಶಕದಲ್ಲಿ ನ್ಯಾರೋಗೇಜಿಗೆ ಮಂಗಳ ಹಾಡಿದರು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರದವರೆಗೆ ದೊಡ್ಡ ಗಾಡಿ ಬರುವ ಹೊತ್ತಿಗೆ 2013 ಆಗಿತ್ತು. ನಡುವಿನ ವರ್ಷಗಳಲ್ಲಿ ಜನ ಬಸ್ಸು ಹತ್ತಿ, ಬಸ್ಸಿಗೇ ಒಗ್ಗಿಹೋದರು.

ಉಳಿದದ್ದು ಕಲ್ಲು, ಹೋದದ್ದು ಗಾಡಿ

ನಂದಿ ಹಾಲ್ಟಿನಲ್ಲಿ ಇಳಿದು ನೋಡಿ. ಕಲ್ಲಿನ ಗೋಡೆ, ಹೆಂಚಿನ ಮಾಡು, ಎದುರಿಗೆ ಬೆಟ್ಟ. ನಡೆದುಕೊಂಡೇ ಹೋದರೆ ಭೋಗನಂದೀಶ್ವರನ ಗುಡಿ. ಬೆಟ್ಟದ ಮೇಲೆ ಔಟ್‌ಡೋರ್ ಮಾಡಿದ ಹಾಡುಗಳಿಗೆ ಲೆಕ್ಕವಿಲ್ಲ. ಕೆಳಗಿನ ಈ ಸ್ಟೇಷನ್ ಮಾತ್ರ ಬಹಳ ಜನರ ಕಣ್ಣಿಗೇ ಬಿದ್ದಿಲ್ಲ. ಗಾಂಧೀಜಿ 1927ರಲ್ಲೂ 1936ರಲ್ಲೂ ನಂದಿ ಬೆಟ್ಟದ ಮೇಲೆ ವಿಶ್ರಾಂತಿಗೆ ಇದ್ದರು. ಹಾಗಾಗಿ ಈ ಸ್ಟೇಷನ್ನಿನ ಹೆಸರು ಎತ್ತಿದರೆ ಊರವರ ಮಾತಿನಲ್ಲಿ ಗಾಂಧೀಜಿಯೂ ಬಂದೇ ಬರುತ್ತಾರೆ.

ದೊಡ್ಡಜಾಲದ ಹಳೇ ಸ್ಟೇಷನ್ನೂ ಇಂಥದ್ದೇ ಕಲ್ಲಿನ ಕಟ್ಟಡ. ದೇವನಹಳ್ಳಿ, ಆವತಿಹಳ್ಳಿ, ಬೆಟ್ಟಹಲಸೂರು... ಸಾಲಾಗಿ ಎಲ್ಲಾ ನೂರು ತುಂಬಿದ ಅಜ್ಜಂದಿರು. ಅವುಗಳ ಪಕ್ಕದಲ್ಲೇ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ತೆರೆಯಿತು. ಒಂದು ಕಡೆ ಆಕಾಶಕ್ಕೆ ಏರುವ ವಿಮಾನ, ಇನ್ನೊಂದು ಕಡೆ ಮಾಡಿನ ಹೆಂಚು ಜಾರುವ ಸ್ಟೇಷನ್. ಎಂಥ ಫ್ರೇಮು!

ಸಂತೋಷದ ಸುದ್ದಿ ಏನಪ್ಪಾ ಅಂದರೆ, ಹಳೇ ಕಟ್ಟಡಗಳ ಮೇಲೆ ಅಕ್ಕರೆ ಇರುವ ಇಂಟಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ನೈಋತ್ಯ ರೈಲ್ವೆಯೊಡನೆ ಸೇರಿ ಈ ಸಾಲಿನ ಸ್ಟೇಷನ್‌ಗಳ ಜೀರ್ಣೋದ್ಧಾರಕ್ಕೆ ಕೈ ಹಾಕಿದ್ದಾರೆ. ಕಟ್ಟಡ ನಿಂತರೆ ಅರ್ಧ ಗೆದ್ದ ಹಾಗೆ. ಇನ್ನರ್ಧ? ಸ್ಟೇಷನ್ ಇದೆ, ಆ ಸ್ಟೇಷನ್ನಿಗೆ ಬರುತ್ತಿದ್ದ ಪುಟ್ಟ ರೈಲು ಇಲ್ಲ. ಸೆಟ್ ರೆಡಿ, ಹೀರೋ ನಾಪತ್ತೆ!

ನೋಡಿದವರಿಗೆಲ್ಲ ಬಾಯಿಗೆ ಬರುವ ಮಾತು ಒಂದೇ. "ಸಾರ್, ಎಲ್ಲಾದರೂ ಹುಡುಕಿ ನಾಲ್ಕು ಹಳೇ ಇಂಜಿನ್, ಹತ್ತು ಬೋಗಿ ತಂದು ನಿಲ್ಲಿಸಿದರೆ ಒಳ್ಳೇ ಮ್ಯೂಸಿಯಂ ಆಗಲ್ವಾ? ಊರಿನ ಹುಡುಗರೇ ನೋಡ್ಕೊಳ್ತಾರೆ ಬಿಡಿ!"

ಆಗುತ್ತೆ. ಆದರೆ ಸ್ವಲ್ಪ ನಿಲ್ಲಿ. ಶಿಡ್ಲಘಟ್ಟಕ್ಕೆ ಹೋಗಿಬರೋಣ.

ಶಿಡ್ಲಘಟ್ಟದ ಲೆಕ್ಕ

ಶಿಡ್ಲಘಟ್ಟ ಅಂದರೆ ರೇಷ್ಮೆ. ರೇಷ್ಮೆ ಅಂದರೆ ಶಿಡ್ಲಘಟ್ಟ. ಇಲ್ಲಿನ ಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಬೀದಿಯಲ್ಲಿ ನಡೆದರೆ ಗೂಡು ಬೇಯುವ ವಾಸನೆ, ನೂಲು ಬಿಚ್ಚುವ ಮಿಷನ್ನುಗಳ ಸದ್ದು.

ಇಲ್ಲಿನ ಯಾವುದೇ ರೇಷ್ಮೆ ರೈತರನ್ನು ಕೇಳಿ: "ಅಣ್ಣಾ, ಈ ಸಾರಿ ಎಷ್ಟು ಮೊಟ್ಟೆ ಮೇಯಿಸ್ತೀರಿ?" ಅವರು ಮೊದಲು ನೋಡೋದು ತಮ್ಮ ಹಿಪ್ಪುನೇರಳೆ ತೋಟವನ್ನು. ಸೊಪ್ಪು ನೂರು ಮೊಟ್ಟೆಗೆ ಸಾಕಾಗುವಷ್ಟಿದ್ದರೆ ನೂರೇ. ಮೊಟ್ಟೆ ಸುಲಭವಾಗಿ ಸಿಗುತ್ತೆ ಅಂತ ಇನ್ನೂರು ತಂದರೆ ಏನಾಗುತ್ತೆ? ಮೊದಮೊದಲು ಏನೂ ಗೊತ್ತಾಗಲ್ಲ. ಚಾಕಿ ಹುಳ ಸಾಸಿವೆಯಷ್ಟು ಇರುತ್ತೆ, ಒಂದು ಹಿಡಿ ಸೊಪ್ಪು ಹೆಚ್ಚಿ ಹಾಕಿದರೆ ತೃಪ್ತಿ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಿ ಮಜಾ! ಹಗಲೂ ರಾತ್ರಿ ಮೇಯುತ್ತೆ. ಸೊಪ್ಪು ತರೋ ಕೈ ಸಾಲದು, ಕಸ ತೆಗೆಯೋ ಕೈ ಸಾಲದು. ಕೊನೆಗೆ ಇನ್ನೂರೂ ಸೊರಗಿ, ನೂರರ ಗೂಡೂ ಕೈಗೆ ಸಿಗಲ್ಲ.

ಹಳೇ ರೈಲು ಕೂಡಿಹಾಕುವುದೂ ಹೀಗೆಯೇ ಸ್ವಾಮಿ! ಪ್ರಪಂಚದಾದ್ಯಂತ ರೈಲು ಪ್ರೇಮಿಗಳು ಕಟ್ಟಿದ ಮ್ಯೂಸಿಯಂಗಳು ಮುಗ್ಗರಿಸೋದು ಇಂಜಿನ್ ಸಿಗಲಿಲ್ಲ ಅಂತ ಮಾತ್ರ ಅಲ್ಲ. ಸಿಕ್ಕಿದ್ದನ್ನೆಲ್ಲ ತಂದು ನಿಲ್ಲಿಸಿಕೊಂಡದ್ದಕ್ಕೂ ಮುಗ್ಗರಿಸುತ್ತವೆ. ತರುವ ದಿನ ಹಾರ, ತೆಂಗಿನಕಾಯಿ, ಫೋಟೋ. ತಂದ ಮೇಲೆ? ಮಳೆ, ಬಿಸಿಲು, ತುಕ್ಕು. ನಾಲ್ಕನೇ ಜ್ವರ ಎದ್ದಿತು ಅಂತಲೇ ಲೆಕ್ಕ.

ಮುದಿ ಇಂಜಿನ್ನಿನ ಮೇವು

ಒಂದು ಸ್ಟೀಮ್ ಇಂಜಿನ್ ಸುಮ್ಮನೆ ನಿಂತಿರುವುದಕ್ಕೇ ಎಷ್ಟು ಆರೈಕೆ ಬೇಕು ಗೊತ್ತಾ?

ಮೊದಲು ತರೋದು. ನ್ಯಾರೋಗೇಜ್ ಗಾಡಿ ಬ್ರಾಡ್‌ಗೇಜ್ ಹಳಿಯ ಮೇಲೆ ಉರುಳಿ ಬರಲ್ಲ. ಟ್ರೈಲರ್ ಲಾರಿ ಬೇಕು, ಎತ್ತಲು ಕ್ರೇನು ಬೇಕು, ನಿಲ್ಲಿಸಲು ಎರಡೂವರೆ ಅಡಿಯ ಹಳಿಯನ್ನೇ ಹೊಸದಾಗಿ ಹಾಸಬೇಕು. ಕೆಳಗಿನ ನೆಲ ಗಟ್ಟಿಯಿಲ್ಲದಿದ್ದರೆ ಟನ್ನುಗಟ್ಟಲೆ ಭಾರಕ್ಕೆ ಹಳಿ ಒಂದು ಕಡೆ ಕುಸಿಯುತ್ತೆ. ಮರದ ಸ್ಲೀಪರ್ ಆದರೆ ಗೆದ್ದಲು ಕಾದೇ ಇರುತ್ತೆ.

ಆಮೇಲೆ ಮಳೆ. ಚಿಮಣಿಯ ಬಾಯಿ ಮುಚ್ಚದಿದ್ದರೆ ನೀರು ಸೀದಾ ಒಳಗೆ. ಹೊಗೆಪೆಟ್ಟಿಗೆಯಲ್ಲಿ ಹಳೇ ಕಲ್ಲಿದ್ದಲ ಬೂದಿ ಉಳಿದಿದ್ದರೆ ಅದು ತೇವದ ಜೊತೆ ಸೇರಿ ಆಸಿಡ್ ಆಗಿ ಕಬ್ಬಿಣವನ್ನು ತಿನ್ನುತ್ತೆ. ಬಾಯ್ಲರಿನ ಮೇಲಿನ ತಗಡಿನ ಹೊದಿಕೆಯ ಕೆಳಗೆ ನೀರು ಸೇರಿಕೊಂಡರೆ ಹೊರಗಿನಿಂದ ಗೊತ್ತೇ ಆಗಲ್ಲ. ಮೇಲೆ ಫಳಫಳ ಕರಿ ಬಣ್ಣ, ಒಳಗೆ ಜರಡಿ! ನಮ್ಮ ಕೆಲವು ಹಳೇ ಸ್ಟಾರುಗಳ ಮೇಕಪ್ ಹಾಗೆ ಅಂತ ನಗಬೇಡಿ. ಹಳೇ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಉತ್ಸಾಹದ ಹುಡುಗರ ಕೈಗೆ ಸುತ್ತಿಗೆ ಕೊಟ್ಟು "ಬಿಚ್ಚಿ" ಅನ್ನುವ ಹಾಗಿಲ್ಲ.

ಬೋಗಿಗಳ ಪಾಡು ಇನ್ನೂ ಕಷ್ಟ. ಇಂಜಿನ್ ಕಬ್ಬಿಣ, ಹೇಗೋ ತಡೆದುಕೊಳ್ಳುತ್ತೆ. ಹಳೇ ಬೋಗಿಯ ಮೈ ಮರದ್ದು. ತಾರಸಿ ಒಂದು ಕಡೆ ಸೋರಿದರೆ ಎರಡು ಮಳೆಗಾಲದಲ್ಲಿ ನೆಲದ ಹಲಗೆ ಮೆತ್ತಗಾಗುತ್ತೆ. ಹಿತ್ತಾಳೆಯ ಹಿಡಿ, ತಾಮ್ರದ ಪೈಪು ರಾತ್ರೋರಾತ್ರಿ ಗುಜರಿಗೆ ಸೇರುತ್ತೆ.

ಓಡಿಸಬೇಕು ಅಂದರಂತೂ ಬೇರೆಯೇ ಕಥೆ. ಬಾಯ್ಲರ್ ತಪಾಸಣೆ, ಸರ್ಟಿಫಿಕೇಟು, ಹೊಸ ಟ್ಯೂಬು, ಅದನ್ನು ಕೂರಿಸಬಲ್ಲ ಫಿಟ್ಟರು. ಆ ಕೆಲಸ ಕಲಿತವರೆಲ್ಲ ಪೆನ್ಷನ್ ತಗೊಂಡು ಮನೆ ಸೇರಿದ್ದಾರೆ. ಅವರ ಕೈಯಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ಇಂಜಿನ್ನಿಗಿಂತ ಮೊದಲು ತುಕ್ಕು ಹಿಡಿಯೋದು ಈ ವಿದ್ಯೆಗೆ!

ಸೀಮೆಯವರು ಕಲಿತ ಪಾಠ

ಇಂಗ್ಲಿಷರು ಈ ವಿಷಯದಲ್ಲಿ ನಮಗಿಂತ ಮೊದಲೇ ಗೆದ್ದವರು, ಮೊದಲೇ ಸೋತವರು. 1951ರಲ್ಲಿ ವೇಲ್ಸ್ ನಾಡಿನ ತಾಲಿಲಿನ್ ಅನ್ನೋ ಪುಟ್ಟ ರೈಲನ್ನು ಸ್ವಯಂಸೇವಕರೇ ವಹಿಸಿಕೊಂಡು ಓಡಿಸಿದರು. ಹಾಗೆ ಊರವರ ಕೈಗೆ ಬಂದ ರೈಲುಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. ಅವರ ಕೈಯಲ್ಲಿ ಓಡುವ ಸ್ಥಿತಿಯ ಇಂಜಿನ್ ಇದ್ದದ್ದು ಒಂದೇ ಒಂದು! ಪಕ್ಕದ ಕಾರಿಸ್ ಅನ್ನೋ ರೈಲು ಮುಚ್ಚಿದಾಗ ಅದೇ ಅಳತೆಯ ಹಳಿಗೆ ಹೊಂದುವ ಎರಡನ್ನು ಕೊಂಡರು. ಬೇಕಾದ್ದನ್ನು ಮಾತ್ರ ತಂದರು. ಇವತ್ತಿಗೂ ಓಡಿಸುತ್ತಿದ್ದಾರೆ.

ಅದೇ ವೇಲ್ಸಿನ ಬ್ಯಾರಿ ಅನ್ನೋ ಊರಲ್ಲಿ ವುಡ್‌ಹ್ಯಾಮ್ ಅನ್ನುವವರ ಗುಜರಿ ಅಂಗಡಿ. ರೈಲ್ವೆಯವರು ಮಾರಿದ 297 ಸ್ಟೀಮ್ ಇಂಜಿನ್ ಅಲ್ಲಿಗೆ ಬಂದವು. ವ್ಯಾಗನ್ ಒಡೆಯೋದು ಸುಲಭ ಅಂತ ಅವರು ಮೊದಲು ವ್ಯಾಗನ್ನುಗಳನ್ನೇ ಒಡೆಯುತ್ತಾ ಕೂತರು. ಇಂಜಿನ್‌ಗಳು ಸಾಲಾಗಿ ನಿಂತೇ ಇದ್ದವು. ಪ್ರೇಮಿಗಳು ಒಬ್ಬೊಬ್ಬರಾಗಿ ಬಂದು, ಚಂದಾ ಎತ್ತಿ, 213 ಇಂಜಿನ್ ಬಿಡಿಸಿಕೊಂಡು ಹೋದರು. ಕ್ಲೈಮ್ಯಾಕ್ಸ್ ಹ್ಯಾಪಿ ಎಂಡಿಂಗ್ ಅಂದುಕೊಂಡಿರಾ? ಪೂರ್ತಿ ಅಲ್ಲ. ನೂರೈವತ್ತಕ್ಕೂ ಹೆಚ್ಚು ಇಂಜಿನ್‌ಗಳು ಮತ್ತೆ ಹೊಗೆಯುಗುಳಿದವು, ನಿಜ. ಆದರೆ ಕೆಲವು ಬಿಡಿಸಿಕೊಂಡು ದಶಕಗಳಾದರೂ ಇನ್ನೂ ತುಕ್ಕು ಹಿಡಿದೇ ನಿಂತಿವೆ. ಬಿಡಿಸಿದವರಿಗೂ ವಯಸ್ಸಾಯಿತು, ಕೆಲವರು ಹೊರಟೇ ಹೋದರು. ಪ್ರೀತಿ ಇತ್ತು, ಕೈ ಸಾಲಲಿಲ್ಲ.

ನಮ್ಮಲ್ಲೂ ಇದೆ ಮಾದರಿ

ದೂರದ ಮಾತು ಯಾಕೆ? ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲೇ ಶುರುವಾಯಿತು. ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ ತೆರೆದ ಎರಡೇ ವರ್ಷಕ್ಕೆ! ಅಲ್ಲಿ 1899ರ ಮಹಾರಾಣಿಯವರ ಸಲೂನ್ ಗಾಡಿ ಇದೆ. ಅದರೊಳಗೇ ಅಡುಗೆಮನೆ, ಊಟದ ಕೋಣೆ. ಇಂಜಿನ್‌ಗಳೂ ಇವೆ, ರಸ್ತೆಯ ಕಾರನ್ನೇ ಹಳಿಗೆ ಇಳಿಸಿದ ಆಸ್ಟಿನ್ ಕೂಡ ಇದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ಮ್ಯೂಸಿಯಂ ಬಂತು. ಇವೆರಡರ ಬೆನ್ನಿಗೂ ರೈಲ್ವೆ ಇಲಾಖೆಯೇ ಇದೆ. ಆಳು, ಬಣ್ಣ, ಬೇಲಿ, ಕಾವಲು ಎಲ್ಲಾ ಇಲಾಖೆಯ ಲೆಕ್ಕ. ಚಂದಾ ಎತ್ತಿ ನಡೆಸುವ ಊರ ಸಂಘಕ್ಕೆ ಆ ಭಾಗ್ಯ ಎಲ್ಲಿ?

ಆದರೆ ನಮ್ಮ ಓದುಗರ ಮೆಚ್ಚಿನ ಮಾದರಿ ಇನ್ನೊಂದಿದೆ. ಅರಸಾಳು! ಶಿವಮೊಗ್ಗ–ತಾಳಗುಪ್ಪ ದಾರಿಯ ಈ ಪುಟ್ಟ ಸ್ಟೇಷನ್ನನ್ನೇ ಶಂಕರನಾಗ್ 'ಮಾಲ್ಗುಡಿ ಡೇಸ್'ಗೆ ಮಾಲ್ಗುಡಿ ಸ್ಟೇಷನ್ ಮಾಡಿದ್ದು. ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ಯಾರು ಮರೀತಾರೆ? 1990ರಲ್ಲಿ ಶಂಕರನಾಗ್ ನಮ್ಮನ್ನು ಅಗಲಿದರು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಹಳೇ ಸ್ಟೇಷನ್ ಪಾಳುಬಿತ್ತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರು ಆ ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ. 2020ರಲ್ಲಿ ಅದು ಮಾಲ್ಗುಡಿ ಮ್ಯೂಸಿಯಂ ಆಯಿತು. ಅಲ್ಲೇನು ಇಂಜಿನ್‌ಗಳ ಸಾಲು ಇದೆಯೇ? ಇಲ್ಲ. ಒಂದು ಸಣ್ಣ ಕಟ್ಟಡ, ಹೇಳುವುದಕ್ಕೆ ಒಂದು ಕಥೆ. ಜನ ಹುಡುಕಿಕೊಂಡು ಬರ್ತಾರೆ.

ಇದನ್ನು ಸಿನಿಮಾದವರು ಬೇಗ ಅರ್ಥ ಮಾಡಿಕೊಳ್ತಾರೆ. ಯಾಕಂದ್ರೆ ಕಳೆದುಕೊಂಡ ನೋವು ನಮಗೂ ಗೊತ್ತು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತೆರೆ ಕಂಡದ್ದು 1934ರಲ್ಲಿ. ಇವತ್ತು ನೋಡ್ತೀನಿ ಅಂದರೆ ಪ್ರಿಂಟೇ ಇಲ್ಲ! ರೀಲು ಡಬ್ಬಿಯಲ್ಲಿದೆ ಅಂದ ಮಾತ್ರಕ್ಕೆ ಉಳಿದ ಹಾಗಲ್ಲ. ತಂಪು ಬೇಕು, ಒಣಹವೆ ಬೇಕು, ಆಗಾಗ ತೆಗೆದು ನೋಡುವ ಕೈ ಬೇಕು. ರೈಲಿಗೂ ಅದೇ ಮಾತು.

ಗೌರಿಬಿದನೂರಿನ ಪಾಲು

ಗೌರಿಬಿದನೂರು ಮಾತ್ರ ಈ ಪುಟ್ಟ ರೈಲಿನ ದಾರಿಯಲ್ಲಿಲ್ಲ. ಅದು ಬೆಂಗಳೂರು–ಹಿಂದೂಪುರ–ಗುಂತಕಲ್ ದಾರಿ. 1890ರ ದಶಕದ ಮೀಟರ್‌ಗೇಜು, 1980ರ ದಶಕದ ಮೊದಲ ವರ್ಷಗಳಲ್ಲಿ ಬ್ರಾಡ್‌ಗೇಜ್ ಆಯಿತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿತು. ಆದರೂ ಜಿಲ್ಲಾ ಕೇಂದ್ರಕ್ಕೆ ಗೌರಿಬಿದನೂರಿನಿಂದ ಇವತ್ತಿಗೂ ನೇರ ರೈಲಿಲ್ಲ. ಬಸ್ಸೇ ಗತಿ.

ಈ ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಓದಬೇಕು ಅಂತ, ಕೈಯಲ್ಲಿ ಕಾಸಿಲ್ಲದೆ, ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು! ಊರ ಪಕ್ಕದಲ್ಲೇ ರೈಲು ಓಡುತ್ತಿದ್ದ ಕಾಲ ಅದು. ರೈಲಿನ ಚರಿತ್ರೆ ಅಂದರೆ ಹತ್ತಿದವರದ್ದು ಮಾತ್ರ ಅಲ್ಲ, ಹತ್ತಲಾಗದೆ ನಡೆದವರದ್ದೂ ಹೌದು. ಇಂಥ ಕಥೆಯನ್ನು ಯಾವ ಇಂಜಿನ್ ಹೇಳುತ್ತೆ? ಮನುಷ್ಯರೇ ಹೇಳಬೇಕು.

ಅಲ್ಲೇ ಹತ್ತಿರದಲ್ಲಿ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಬಾವುಟದ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿದ ಜಾಗ. ಒಂದು ಸ್ಮಾರಕ, ಒಂದು ಚಿತ್ರಶಾಲೆ. ಅಷ್ಟಕ್ಕೇ ನೋಡಿದವರ ಗಂಟಲು ಕಟ್ಟುತ್ತೆ. ನೆನಪು ತೂಕದ ಮೇಲೆ ನಿಲ್ಲೋದಿಲ್ಲ.

ಹಾಗಾದರೆ ಏನು ಮಾಡೋಣ?

ಈ ಜಿಲ್ಲೆಯವರು ಪುಟ್ಟ ರೈಲಿಗೆ ಒಂದು ಮನೆ ಮಾಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಡ್ಲಘಟ್ಟದ ರೈತರ ಹಾಗೆ ಮೊದಲು ಸೊಪ್ಪಿನ ಲೆಕ್ಕ ಹಾಕಿ. ವಾರಕ್ಕೊಮ್ಮೆ ತಪ್ಪದೆ ಬರುವ ಕೈ ಎಷ್ಟು? ವರ್ಷ ವರ್ಷ ಬಣ್ಣಕ್ಕೆ, ಗ್ರೀಸಿಗೆ, ಕಾವಲಿಗೆ ದುಡ್ಡು ಎಲ್ಲಿಂದ? ಹತ್ತು ವರ್ಷದ ನಂತರ ಕೀಲಿಕೈ ಯಾರ ಕೈಗೆ?

ಮೊದಲು ಸೂರು, ಆಮೇಲೆ ಗಾಡಿ. ಬಯಲಲ್ಲಿ ಹತ್ತು ಬೋಗಿಗಿಂತ ಸೂರಿನ ಕೆಳಗೆ ಒಂದು ಬೋಗಿ ಮೇಲು. ಅದೂ ಇದೇ ಎರಡೂವರೆ ಅಡಿಯ ಅಳತೆಯದು. ಎಲ್ಲಿಂದಲೋ ಯಾವುದೋ ಅಳತೆಯ ಇಂಜಿನ್ ಬಿಟ್ಟಿ ಸಿಗುತ್ತೆ ಅಂತ ತಂದರೆ ಅದು ನೆಂಟನಲ್ಲ, ಸಾಲಗಾರ. ಯಾರಾದರೂ ಪ್ರೀತಿಯಿಂದ ಕೊಡಲು ಬಂದರೂ "ಬೇಡ ಸ್ವಾಮಿ, ಸಾಕುವ ಶಕ್ತಿ ಇಲ್ಲ" ಅನ್ನೋ ಧೈರ್ಯ ಸಂಘಕ್ಕೆ ಬೇಕು. ಈಗಾಗಲೇ ಹೆಚ್ಚು ಕೂಡಿಹಾಕಿಕೊಂಡವರು ಇದ್ದರೆ, ಇನ್ನೊಂದು ಊರಿಗೆ ಕೊಟ್ಟು ಹಗುರಾಗುವುದರಲ್ಲಿ ಅವಮಾನವಿಲ್ಲ. ಹೆಣ್ಣು ಕೊಟ್ಟ ಮನೆ ಬರಿದಾಗುತ್ತದೆಯೇ?

ಪೆನ್ಷನ್ ಆದ ಡ್ರೈವರು, ಫಿಟ್ಟರು, ಪಾಯಿಂಟ್ಸ್‌ಮನ್ ತಾತಂದಿರು ಚಿಂತಾಮಣಿಯಲ್ಲಿ, ಕೋಲಾರದಲ್ಲಿ, ಬಂಗಾರಪೇಟೆಯಲ್ಲಿ ಹುಡುಕಿದರೆ ಸಿಕ್ಕಾರು. ಅವರ ಮುಂದೆ ಟೇಪ್ ಇಡಿ. ಟಿಕೆಟ್, ಲಾಂದ್ರ, ಬಾವುಟ, ಮದುವೆ ದಿಬ್ಬಣ ರೈಲು ಹತ್ತುವ ಫೋಟೋ, ಇವೆಲ್ಲ ಮನೆ ಮನೆಯ ಟ್ರಂಕಿನಲ್ಲಿವೆ. ಇವಕ್ಕೆ ಕ್ರೇನು ಬೇಡ, ಒಂದು ಬೀರು ಸಾಕು. ಇಂಜಿನ್ ಇನ್ನೂ ಹತ್ತು ವರ್ಷ ಕಾಯಬಹುದು. ತಾತ ಕಾಯೋದಿಲ್ಲ.

ಹೋಗಿಬನ್ನಿ ಓದುಗರೇ. ಯಲಹಂಕದಲ್ಲಿ ಹತ್ತಿ ಕಿಟಕಿ ಪಕ್ಕ ಕೂತುಕೊಳ್ಳಿ. ದೊಡ್ಡಜಾಲದಲ್ಲಿ ಕಲ್ಲಿನ ಅಜ್ಜ ಕಾಣ್ತಾನೆ, ಕೈ ಬೀಸಿ. ನಂದಿಯಲ್ಲಿ ಇಳಿದು ಗುಡಿ ನೋಡಿ. ಶಿಡ್ಲಘಟ್ಟದಲ್ಲಿ ಗೂಡಿನ ಹರಾಜು ನೋಡಿ. ಮನೆಯಲ್ಲಿ ಅಜ್ಜಿ ಇದ್ದರೆ, ಆ ಕಡೆಯವರಾದರೆ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪುಟ್ಟ ರೈಲಿನ ಒಳ್ಳೇ ಮ್ಯೂಸಿಯಂ ಸದ್ಯಕ್ಕೆ ಅವರೇ!